ನಡು ಮುರಿದ ರೊಟ್ಟಿ

ನಮ್ಮ ಮನೆಯ ಕೆಳಗೆ ಇಬ್ಬರು ರಾಜಕುಮಾರಿಯರಿದ್ದರು. ಹೀಗೆಂದಾಗ ಕಾಲೇಜಿನ ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಇಲಿ ಕಂಡರೆ ಹೆಗ್ಗಣ, ಹೆಗ್ಗಣ ಕಂಡರೆ ಚಿರತೆ ಎಂದು ಹೇಳುವವಳು ಅಂತ ನನಗೆ ಹೆಸರಿದೆ. ಆದರೆ ಇಲ್ಲಿ ಇಲಿ ಇಲಿಯೇ. ಸಪ್ತಾಪುರದ ಒಂದು ಹಳೇ ಬಂಗಲೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೇವೆ, ಕೆಳಗಿನ ಮನೆ ಅವರದು. ಅವರ ಅಪ್ಪ ಒಂದು ಸಣ್ಣ ಸಂಸ್ಥಾನದ ದೊರೆ. ಎಷ್ಟು ಸಣ್ಣದೆಂದರೆ, ದೊರೆ ಬೆಳಗ್ಗೆ ಜೋರಾಗಿ ಸೀನಿದರೆ ಪಕ್ಕದ ಸಂಸ್ಥಾನದವರು ‘ನೂರು ವರ್ಷ ಬಾಳು’ ಎನ್ನುತ್ತಿದ್ದರಂತೆ. ಹಾಗಂತ ಹೇಳಿದ್ದು ಯಾರೂ ಅಲ್ಲ, ನಾನೇ.

ಅವರಿಗೆ ಬುದ್ಧಿ ತಿಳಿಯುವ ಹೊತ್ತಿಗೆ ಸಂಸ್ಥಾನ ಹೋಗಿತ್ತು. ಆದರೆ ಆ ಸುದ್ದಿಯನ್ನು ಅವರ ಅರಮನೆಯಂಥ ವಾಡೆಯ ಬಾಗಿಲು ಒಳಗೆ ಬಿಟ್ಟಿರಲಿಲ್ಲ. ಹೆಣ್ಣುಮಕ್ಕಳು ಗೋಷಾದಲ್ಲೇ ಬೆಳೆದರು. ಪಾಠ ಹೇಳುವ ಮಾಸ್ತರರು ಪರದೆಯ ಆಚೆ, ಇವರು ಈಚೆ. ಮಾಸ್ತರರಿಗೆ ಮೀಸೆ ಇತ್ತೋ ಇಲ್ಲವೋ ಎಂಬ ಬಗ್ಗೆ ಅಕ್ಕ ತಂಗಿಯರ ನಡುವೆ ಇನ್ನೂ ವಾದವಿತ್ತು. ಅಕ್ಕನಿಗೆ ಸರಿಸಮಾನ ಮನೆತನದ ವರ ಸಿಗಲಿಲ್ಲ. ಅಕ್ಕನದಾಗದೆ ತಂಗಿಯದು ಹೇಗಾದೀತು ಎಂದು ತಂಗಿಯೂ ಉಳಿದರು. ವಾಡೆ ಕೈಬಿಟ್ಟ ಮೇಲೆ ಇಬ್ಬರೂ ಧಾರವಾಡದ ಈ ಬಂಗಲೆಗೆ ಬಂದು ಒಂದೇ ಮಂಚದ ಮೇಲೆ ಮಲಗಿ ಮುದುಕಿಯರಾದರು.

ದೊಡ್ಡವರನ್ನು ಎಲ್ಲರೂ ‘ಅಕ್ಕಾಸಾಹೇಬ್ರು’ ಅನ್ನುತ್ತಿದ್ದರು. ಚಿಕ್ಕವರಿಗೆ ಅಂಥ ಪದವಿ ಏನೂ ಇರಲಿಲ್ಲ. ‘ತಂಗಿಸಾಹೇಬ್ರು’ ಎಂಬ ಬಿರುದನ್ನು ನಾನೇ ದಯಪಾಲಿಸಿದೆ. ಅವರು ಅದಕ್ಕೆ ಎಷ್ಟು ನಕ್ಕರೆಂದರೆ ಹಲ್ಲಿನ ಸೆಟ್ಟು ಸೀರೆಯ ಮಡಿಲಿಗೆ ಬಿತ್ತು. ಇದರಲ್ಲಿ ಒಂದು ಅಕ್ಷರವೂ ಉಬ್ಬಿಸಿಲ್ಲ.

ರಸ್ತೆಯ ಎದುರಿಗೇ ಕಿರಾಣಿ ಅಂಗಡಿ. ನಾನು ಒಂದು ಉಸಿರಿನಲ್ಲಿ ಹೋಗಿ ಬರುತ್ತೇನೆ. ಅವರಿಗೆ ಅದು ದಂಡಯಾತ್ರೆ. ಆಟೋ ಕಾಕಾ ಬರಬೇಕು, ಆಟೋದ ಎರಡೂ ಕಡೆ ಹಳೇ ಚಾದರದ ಪರದೆ ಬಿಡಬೇಕು, ಇಬ್ಬರೂ ಸೆರಗು ಹೊದ್ದು ಒಳಗೆ ಕೂರಬೇಕು. ಆಟೋ ರಸ್ತೆ ದಾಟಿ ನಿಲ್ಲುತ್ತಿತ್ತು. ಅಂಗಡಿಯವನು ಬಂದು ಪರದೆಗೇ ಕೇಳುತ್ತಿದ್ದ, “ಏನ್ ಬೇಕ್ರಿ ಬಾಯಾರ?” ಪರದೆ ಉತ್ತರಿಸುತ್ತಿತ್ತು, “ಬೆಲ್ಲ. ಕರೀ ಬೆಲ್ಲ ಬ್ಯಾಡ.”

“ಇಷ್ಟಕ್ಕ ಯಾಕ ಆಟೋ ರೀ? ನಡಕೊಂಡ ಹೋಗಬಾರದ?” ಎಂದು ನಾನೊಮ್ಮೆ ಕೇಳಿದ್ದೆ.

“ಮಂದಿ ನೋಡ್ತಾರ,” ಎಂದರು ಅಕ್ಕಾಸಾಹೇಬರು. ಮಂದಿ ನೋಡಿದರೆ ಏನಾಗುತ್ತದೆ ಎಂದು ಅವರಿಗೂ ಯಾರೂ ಹೇಳಿರಲಿಲ್ಲ ಅನ್ನಿಸುತ್ತದೆ.

ಹೊರಗಿನ ಲೋಕಕ್ಕೂ ಅವರಿಗೂ ನಾನೇ ಸುದ್ದಿಪತ್ರಿಕೆ. ಪ್ರತಿ ಸಂಜೆ ಪಡಸಾಲೆಯಲ್ಲಿ ಕೂತು ಕಾಲೇಜಿನ ಕಥೆ ಹೇಳುತ್ತಿದ್ದೆ. ನನ್ನ ಕಥೆಯಲ್ಲಿ ನಮ್ಮ ಗಣಿತದ ಸರ್ ಸಿಟ್ಟಿಗೆ ಬಂದಾಗ ಅವರ ಕನ್ನಡಕದ ಗಾಜು ಬಿರುಕು ಬಿಡುತ್ತಿತ್ತು. ಗಿರ್‌ಮಿಟ್ ಗಾಡಿಯವನ ಮೆಣಸಿನಕಾಯಿ ತಿಂದ ಹುಡುಗನೊಬ್ಬನ ಕಿವಿಯಿಂದ ಹೊಗೆ ಬಂದಿತ್ತು. ಅಕ್ಕಾಸಾಹೇಬರು ಗಂಭೀರವಾಗಿ ಕೇಳಿ, “ಹುಡುಗಿ, ಇದರಾಗ ಖರೇ ಎಷ್ಟು?” ಎನ್ನುತ್ತಿದ್ದರು. “ಹುಡುಗ ಖರೇ ರೀ, ಹೊಗಿ ಸ್ವಲ್ಪ ಕಡಿಮಿ ಇತ್ತು,” ಎನ್ನುತ್ತಿದ್ದೆ.

ಊಟದ ಹೊತ್ತಿಗೆ ಮಾತ್ರ ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸುತ್ತಿದ್ದರು. ಉಣ್ಣುವ ಗಂಗಾಳದ ಮೇಲೆ ಮೂರನೆಯವರ ಕಣ್ಣು ಬೀಳಬಾರದು, ಅದು ವಾಡೆಯ ರಿವಾಜು. ನಾನು ಗೋಡೆ ನೋಡುತ್ತಾ ಕಿವಿಯಿಂದ ಊಟ ಮಾಡುತ್ತಿದ್ದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿತ್ತು. ತಂಗಿಸಾಹೇಬರು ಏನೋ ಅಗಿಯುತ್ತಿದ್ದರು. ಆಮೇಲೆ ಗಂಗಾಳ ತಂದಿಡುತ್ತಿದ್ದರು.

“ನೋಡೇನ್ರಿ.”

“ಹೆಂಗೈತಿ?”

“ಛಲೋ ಐತ್ರಿ.”

ಆಮೇಲೇ ಅಕ್ಕಾಸಾಹೇಬರು ತುತ್ತೆತ್ತುವುದು. ‘ನೋಡುವುದು’ ಎಂದರೆ ರುಚಿ ನೋಡುವುದು, ಅನ್ನದಲ್ಲಿ ವಿಷ ಇದೆಯೋ ಇಲ್ಲವೋ ಎಂದು ತಿಂದು ನೋಡುವುದು. ಚಿಕ್ಕಂದಿನಿಂದ ಹೀಗೇ ನಡೆದಿತ್ತು. ಪಾಯಸ, ಪಲ್ಯ, ಕೊನೆಗೆ ಬಾಳೆಹಣ್ಣಿಗೂ ಇದೇ ನಿಯಮ. ಜ್ವರದ ಗುಳಿಗೆಯನ್ನೂ ತಂಗಿಸಾಹೇಬರು ಅರ್ಧ ನುಂಗಿ, ಬದುಕಿದ್ದರೆ ಉಳಿದರ್ಧವನ್ನು ಅಕ್ಕನಿಗೆ ಕೊಡುತ್ತಾರೆ ಎಂದು ನಾನು ಕಾಲೇಜಿನಲ್ಲಿ ಹಬ್ಬಿಸಿದ್ದೆ.

ಮಹಡಿ ಹತ್ತಿ ಬಂದು ಅವ್ವನ ಮುಂದೆ ಉರಿದುಬೀಳುತ್ತಿದ್ದೆ. “ವಿಷಾ ಇದ್ರ ಮೊದಲ ತಂಗಿ ಸಾಯಲಿ ಅಂತ ಹೌದಿಲ್ಲೋ? ಎಂಥಾ ಅಕ್ಕ ಅದಾರವ್ವಾ ಆಕಿ!”

“ಮಂದಿ ಗಂಗಾಳದಾಗ ನೀ ಕೈ ಹಾಕಬ್ಯಾಡ,” ಎನ್ನುತ್ತಿದ್ದಳು ಅವ್ವ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ನಡುವೆಯೇ ನಿಂತಿತು. ಅವ್ವ ಓಡಿ ಇಳಿದಾಗ ತಂಗಿಸಾಹೇಬರು ಒಲೆಯ ಮುಂದೆ ಗೋಡೆಗೆ ಒರಗಿ ಕೂತಿದ್ದರು. ಹಿಟ್ಟಿನ ಕೈ ಮಡಿಲಲ್ಲಿತ್ತು. ಹೆಂಚಿನ ಮೇಲೆ ರೊಟ್ಟಿ ಕರಿಯಾಗುತ್ತಿತ್ತು. ಆಟೋ ಕಾಕಾ ಪರದೆ ಬಿಟ್ಟುಕೊಂಡೇ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಅವ್ವ ಜೊತೆಗೆ ಹೋದಳು. ಗುಂಡಿಗೆ ದೊಡ್ಡದಾಗಿದೆ ಎಂದರು ಡಾಕ್ಟರು. ಅದನ್ನು ಹೇಳಲು ಡಾಕ್ಟರೇ ಬೇಕಾಗಿತ್ತೇ ಎಂದು ನಾನಂದೆ. ಆ ದಿನ ನನ್ನ ಮಾತಿಗೆ ಯಾರೂ ನಗಲಿಲ್ಲ.

ಅಕ್ಕಾಸಾಹೇಬರು ಹೋಗಲಿಲ್ಲ. ವಾರ್ಡಿನಲ್ಲಿ ಗಂಡಸರಿರುತ್ತಾರಂತೆ, ಮಂಚಗಳ ನಡುವೆ ಪರದೆಯೂ ಇಲ್ಲವಂತೆ. “ಆಕಿ ಲಗೂನ ಬರ್ತಾಳ,” ಎಂದು ಮಂಚದ ತಮ್ಮ ಅರ್ಧದಲ್ಲಿ ನೆಟ್ಟಗೆ ಕೂತರು. ಇನ್ನೊಂದರ್ಧದ ಮೇಲೆ ಕೈಯನ್ನೂ ಊರಲಿಲ್ಲ.

ಉಣ್ಣಲೂ ಇಲ್ಲ. ಅವರಿಗೆ ಸಕ್ಕರೆ ಕಾಯಿಲೆ, ಹೊಟ್ಟೆ ಖಾಲಿ ಬಿಡುವಂತಿರಲಿಲ್ಲ. ಸಂಜೆ ಅವ್ವ ರೊಟ್ಟಿ ಪಲ್ಯ ಒಯ್ದಳು.

“ಯಾರ ನೋಡ್ಯಾರ ಇದನ್ನ?” ಎಂದರು ಅಕ್ಕಾಸಾಹೇಬರು.

“ನಾನ ಮಾಡೇನ್ರಿ, ನಾನ ನೋಡೇನ್ರಿ.”

“ಇರ್ಲಿ ಬಿಡವಾ. ಹಸಿವಿಲ್ಲ.”

ಮರುದಿನ ನಾನು ಹೊಣೆ ಹೊತ್ತೆ. ಅವರೆದುರು ಒಂದು ತುತ್ತು ನುಂಗಿ, ಕುತ್ತಿಗೆ ಹಿಡಿದುಕೊಂಡು, ಕಣ್ಣು ಮೇಲೆ ಮಾಡಿ, ಪಡಸಾಲೆಯಲ್ಲಿ ಉದ್ದಕ್ಕೆ ಬಿದ್ದು ಜಿರಳೆಯ ಹಾಗೆ ಕಾಲು ಬಡಿದೆ. ಆಮೇಲೆ ಟಕ್ಕನೆ ಎದ್ದು, “ಸತ್ತಿಲ್ರಿ. ಉಣ್ರಿ ಇನ್ನ,” ಎಂದೆ.

“ಎದ್ದ ಕೂಡು. ಅರಿವಿ ಹೊಲಸ ಆಗ್ತಾವು,” ಎಂದರು. ಗಂಗಾಳ ಮುಟ್ಟಲಿಲ್ಲ. ಆದರೆ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದರು. ಓಣಿಯ ಡಾಕ್ಟರು ಬಂದು ನೋಡಿ, ಹೀಗೇ ಬಿಟ್ಟರೆ ತಂಗಿಯ ಪಕ್ಕದ ಮಂಚಕ್ಕೆ ಇವರೂ ಹೋಗುತ್ತಾರೆ ಎಂದರು.

ಆಗ ನನ್ನ ತಲೆಗೆ ಹೊಳೆಯಿತು. ನೋಡುವವರು ಹುಬ್ಬಳ್ಳಿಯಲ್ಲಿದ್ದರೆ ರೊಟ್ಟಿಯೇ ಹುಬ್ಬಳ್ಳಿಗೆ ಹೋಗಿ ಬರಲಿ.

ಹೇಗಿದ್ದರೂ ಅವ್ವ ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೋಗುತ್ತಿದ್ದಳು. ಅವಳ ಜೊತೆ ನಾನೂ ಬಸ್ಸು ಹತ್ತಿದೆ. ತೊಡೆಯ ಮೇಲೆ ಡಬ್ಬಿ. ಯಾರ ಕಣ್ಣೂ ಬೀಳದ ಹಾಗೆ ಅದಕ್ಕೆ ಅಕ್ಕಾಸಾಹೇಬರ ರೇಷ್ಮೆ ವಸ್ತ್ರ ಸುತ್ತಿ ಗಂಟು ಹಾಕಿತ್ತು. ರಾಯಾಪುರದಲ್ಲಿ ಅಪ್ಪ ಕೆಲಸ ಮಾಡುವ ಗ್ಯಾರೇಜು ರಸ್ತೆಗೇ ಇದೆ. ಬಸ್ಸು ಹಾದುಹೋಗುವಾಗ ಅಪ್ಪ ಯಾವುದೋ ಲಾರಿಯ ಕೆಳಗಿನಿಂದ ಬರೀ ಕಾಲಾಗಿ ಕಾಣುತ್ತಿದ್ದ. ನಾನು ಆ ಕಾಲುಗಳಿಗೆ ರಾಯಭಾರಿಯ ಗತ್ತಿನಲ್ಲಿ ಕೈಬೀಸುತ್ತಿದ್ದೆ.

ತಂಗಿಸಾಹೇಬರು ಬಿಳಿ ಚಾದರದೊಳಗೆ ಇನ್ನೂ ಸಣ್ಣಗಾಗಿದ್ದರು. ಮೊದಲ ಮಾತೇ, “ಅಕ್ಕಾಸಾಹೇಬ್ರು ಉಂಡ್ರೇನು?”

“ಇಲ್ರಿ. ನೀವು ನೋಡಿಲ್ಲಂತ.”

ಅವರು ಬೆರಳು ಚಾಚಿದರು. “ತಾ ಇಲ್ಲೆ.”

ಗೋಡೆಯ ಕಡೆ ಹೊರಳಿ ಗಂಟು ಬಿಚ್ಚಿದರು. ಒಂದು ಚೂರು ಅಗಿದದ್ದು ಕೇಳಿಸಿತು. ತಿರುಗಿ ಗಂಟು ಹಾಕಿ ಕೊಟ್ಟರು. “ಛಲೋ ಐತಿ ಅಂತ ಹೇಳು. ಮತ್ತ, ಅವರು ಆಸ್ಪತ್ರಿಗೆ ಬರಬಾರದು. ಇಲ್ಲೆ ಮಂದಿ ಭಾಳ.”

ನನಗೆ ತಡೆಯಲಾಗಲಿಲ್ಲ. “ಖರೇನ ವಿಷಾ ಇದ್ರ ನೀವು ಸಾಯ್ತಿದ್ರಿ. ಅಕ್ಕನ ಮ್ಯಾಲೆ ಸಿಟ್ಟ ಬರಲಿಲ್ಲೇನ್ರಿ?”

“ವಿಷಾ ಯಾರ ಹಾಕ್ತಾರ ಹುಚ್ಚಿ,” ಎಂದರು ತಂಗಿಸಾಹೇಬರು. “ನಮ್ಮ ಅಡಗಿಯವರಿಗೆ ಉಪ್ಪು ಹಾಕಾಕನ ನೆನಪಿರ್ತಿರ್ಲಿಲ್ಲ.”

ಮಧ್ಯಾಹ್ನ ಡಬ್ಬಿ ಧಾರವಾಡಕ್ಕೆ ಮರಳಿತು. ನಾನು ಗೋಡೆಗೆ ಮುಖ ಮಾಡಿ ಕೂತೆ. ಗಂಟು ಬಿಚ್ಚಿದ ಸದ್ದು. “ಹೆಂಗೈತಂತ?” “ಛಲೋ ಐತಂತ್ರಿ.” ಬೆನ್ನ ಹಿಂದೆ ಅಕ್ಕಾಸಾಹೇಬರು ಉಣ್ಣತೊಡಗಿದರು. ಮಧ್ಯಾಹ್ನಕ್ಕೆ ಅರ್ಧ, ಸಂಜೆಗೆ ಅರ್ಧ. ಅಷ್ಟು ಗೆದ್ದ ಹೆಮ್ಮೆ ನನಗೆ ಹತ್ತನೇ ಇಯತ್ತೆ ಪಾಸಾದಾಗಲೂ ಆಗಿರಲಿಲ್ಲ.

ಹೀಗೆ ರೊಟ್ಟಿ ದಿನಾ ಹೋಗಿಬಂದಿತು. ಜೊತೆಗೆ ಸುದ್ದಿಯೂ ಹೋಗಿಬಂದಿತು, ಸ್ವಲ್ಪ ದಪ್ಪಗಾಗಿ. ಡಾಕ್ಟರು ತಂಗಿಸಾಹೇಬರ ನಾಡಿ ಹಿಡಿಯುವ ಮೊದಲು ‘ಅಪ್ಪಣೆಯೇ’ ಎಂದು ಕೇಳುತ್ತಾರೆ ಎಂದೆ. “ಕೇಳಬೇಕ ಮತ್ತ,” ಎಂದರು ಅಕ್ಕಾಸಾಹೇಬರು. ಇತ್ತ ತಂಗಿಸಾಹೇಬರಿಗೆ, ನಿಮ್ಮ ಅಕ್ಕ ಸಿಲಿಂಡರಿನವನನ್ನು ಕೋಲು ಹಿಡಿದು ಗೇಟಿನವರೆಗೆ ಅಟ್ಟಿದರು ಎಂದೆ. ಅವರು ನಕ್ಕರು, ಆದರೆ ನಗೆ ಅರ್ಧಕ್ಕೇ ಉಸಿರಾಗಿ ಒಡೆಯಿತು. ನರ್ಸು ನನ್ನನ್ನು ಗದರಿಸಿದರು.

“ಸ್ವೆಟರ್ ಹಾಕ್ಕೊಳ್ಳಾಕ ಹೇಳು,” ಎಂದು ಅಲ್ಲಿಂದ. “ಕಾಲಿಗೆ ಚಾದರ ಹೊದಿಸಾಕ ಹೇಳು,” ಎಂದು ಇಲ್ಲಿಂದ. ಈ ಎರಡನ್ನು ಮಾತ್ರ ನಾನು ಒಂಚೂರೂ ಉಬ್ಬಿಸದೆ ಮುಟ್ಟಿಸುತ್ತಿದ್ದೆ. ಉಬ್ಬಿಸಲು ಅಲ್ಲಿ ಜಾಗವೇ ಇರಲಿಲ್ಲ.

ಒಂದು ಬೆಳಿಗ್ಗೆ ಹೋದಾಗ ಅವರ ಮೂಗಿನಲ್ಲಿ ನಳಿಕೆ ಇತ್ತು. ಬಾಯಿಂದ ಏನೂ ಕೊಡಬೇಡಿ, ನುಂಗಲು ಆಗುವುದಿಲ್ಲ, ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಅವ್ವನಿಗೆ ಹೇಳಿದ್ದರು. ನಾನು ಡಬ್ಬಿ ಹಿಡಿದು ನಿಂತೆ. ತಂಗಿಸಾಹೇಬರು ಕಣ್ಣಿನಿಂದಲೇ ಹತ್ತಿರ ಕರೆದರು.

“ಇವತ್ತಿಂದ ನೀನ ಮುರಿ,” ಎಂದರು. ಮಾತು ಕೇಳಲು ನಾನು ಕಿವಿಯನ್ನು ಅವರ ತುಟಿಗೆ ತಾಗಿಸಬೇಕಾಯಿತು. “ಅಕ್ಕಾಸಾಹೇಬ್ರಿಗೆ ಗೊತ್ತಾಗಬಾರದು. ಅವರು ಉಣ್ಣಬೇಕು.”

ಅವ್ವ ಕಿಟಕಿಯ ಕಡೆ ತಿರುಗಿದಳು.

ರಾಯಾಪುರ ದಾಟಿದ ಮೇಲೆ ಬಸ್ಸಿನಲ್ಲಿ ಗಂಟು ಬಿಚ್ಚಿದೆ. ಎಲ್ಲಿ ಮುರಿಯಬೇಕು ಎಂದು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ರೊಟ್ಟಿಯ ಅಂಚಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ನುಂಗಲು ಅದು ಧಾರವಾಡದವರೆಗೆ ಹಿಡಿಯಿತು. ಇದು ಉತ್ಪ್ರೇಕ್ಷೆಯಲ್ಲ.

ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತೆ. ಗಂಟು ಬಿಚ್ಚಿತು. ಅವರು ‘ಹೆಂಗೈತಂತ’ ಎಂದು ಕೇಳಲಿಲ್ಲ.

“ಈ ಕಡೆ ಹೊರಳು,” ಎಂದರು.

ಮೊದಲ ಸಲ ನಾನು ಆ ಗಂಗಾಳ ನೋಡಿದೆ. ಬೆಳ್ಳಿಯದಿರಬೇಕು, ಅದರಲ್ಲಿ ವಜ್ರ ಹುದುಗಿಸಿರಬೇಕು ಎಂದು ಊಹಿಸಿದ್ದೆ. ನಮ್ಮ ಮನೆಯಲ್ಲಿರುವಂಥದೇ ಸ್ಟೀಲು.

“ಇದನ್ನ ಯಾರ ಮುರದಾರ?”

ನನ್ನ ಬದುಕಿನ ಅತಿ ದೊಡ್ಡ ಕಥೆ ಶುರುಮಾಡಿದೆ. ತಂಗಿಸಾಹೇಬರು ಇವತ್ತು ಎದ್ದು ಕೂತಿದ್ದರು, ವಾರ್ಡೆಲ್ಲಾ ಓಡಾಡಿದರು, ನರ್ಸಿಗೆ ಹೆರಳು ಹಾಕಿದರು, ರೊಟ್ಟಿ ಸಾಲದು, ಹೋಳಿಗೆ ತಾ ಎಂದರು. ಅವರು ನಡುವೆ ಬಾಯಿ ಹಾಕಲಿಲ್ಲ. ಎಲ್ಲ ಮುಗಿಯುವವರೆಗೆ ಕೇಳಿದರು.

“ಆತೇನು? ಈಗ ಖರೇ ಹೇಳು. ನನ್ನ ತಂಗಿ ಯಾವತ್ತೂ ದಂಡಿ ಮುರಿಯೂದಿಲ್ಲ. ನಡು ಮುರೀತಾಳ.”

ನಾನು ರೊಟ್ಟಿ ನೋಡಿದೆ. ಅಂಚು ಹರಿದಿತ್ತು. ನಡು ಇಡಿಯಾಗಿತ್ತು.

“ಆಕೀಗೆ ನುಂಗಾಕ ಬರವಲ್ದು, ಹೌದಲ್ಲೋ?”

ನಾನು ತಲೆಯಾಡಿಸಿದೆ. ಆಮೇಲೆ ಅವರು ಮಾತಾಡಿದರು. ನನಗಿಂತ ಹೆಚ್ಚಾಗಿ ರೊಟ್ಟಿಗೆ ಹೇಳುತ್ತಿದ್ದ ಹಾಗಿತ್ತು.

“ಆಕಿ ಹುಟ್ಟಿದ ದಿನಾನ ನಮ್ಮ ತಾಯಿ ತೀರಿಕೊಂಡ್ರು. ಕೂಸಿನ ಕಾಲ್ಗುಣ ಅಂದ್ರು. ವಾಡೇದಾಗ ಎಲ್ಲಾರದೂ ಊಟಾ ಆದ ಮ್ಯಾಲೆ ಆಕೀಗೆ ಹಾಕತಿದ್ರು. ಆರಿದ್ದು, ಉಳದದ್ದು, ರೊಟ್ಟಿ ದಂಡಿ. ನಾ ಅಪ್ಪಾಜಿ ಜೋಡಿ ಮೊದಲನೇ ಪಂಕ್ತಿ. ನನಗ ಗಂಟಲದಾಗ ಇಳೀತಿರ್ಲಿಲ್ಲ. ಒಂದ ದಿನ ಅಂದೆ, ಅಪ್ಪಾಜಿ, ಅನ್ನ ವಾಸನಿ ಬರತೈತಿ, ಯಾರೋ ಏನೋ ಹಾಕ್ಯಾರ, ತಂಗಿ ನೋಡಿದ್ರನ ನಾ ಉಣ್ಣಾಕಿ. ಅಪ್ಪಾಜಿಗೆ ದಾಯಾದಿಗಳ ಅಂಜಿಕಿ ಇತ್ತು. ಖರೇ ಅಂತ ತಿಳದ್ರು. ಅವತ್ತಿಂದ ಎಲ್ಲಾದರಾಗಿಂದೂ ಮೊದಲನೇ ತುತ್ತ ಆಕೀದು. ಬಿಸೀದು. ನಡುವಿಂದು ತಗೋ, ಮೆತ್ತಗಿರ್ತೈತಿ ಅಂತ ನಾನ ಕಲಿಸಿದ್ದೆ.”

“ನಿಮ್ಮನ್ನ ಯಾರೂ ಬೈಲಿಲ್ಲೇನ್ರಿ?”

“ಎಲ್ಲಾರೂ ಬೈದ್ರು. ಕಲ್ಲೆದಿಯಾಕಿ, ತಂಗೀನ ಸಾಯಾಕ ಬಿಡತಾಳ ಅಂದ್ರು. ನೀನೂ ಅಂದೀದಿ. ಮಹಡಿ ಮಾತು ಕೆಳಗ ಕೇಳ್ತಾವು.”

ನಾನು ತಲೆ ಎತ್ತಿ ಸೂರು ನೋಡಿದೆ.

“ತಂಗಿಸಾಹೇಬ್ರಿಗೆ ಗೊತ್ತೈತೇನ್ರಿ ಇದು?”

“ನಾ ಹೇಳಿಲ್ಲ, ಆಕಿ ಕೇಳಿಲ್ಲ.” ಅವರು ರೊಟ್ಟಿಯನ್ನು ಮುರಿಯದೆ ಡಬ್ಬಿಗೆ ಹಾಕಿ ಗಂಟು ಕಟ್ಟಿದರು. “ನನ್ನ ಚಪ್ಪಲಿ ಎಲ್ಲೆ ಅದಾವು ನೋಡು.”

ಆಟೋ ಕಾಕಾ ಮಗಳ ಮನೆಗೆ ಶಿರಗುಪ್ಪಿಗೆ ಹೋಗಿದ್ದರು. ಬೇರೆ ಆಟೋಕ್ಕೆ ಪರದೆ ಕಟ್ಟಲೇ ಎಂದು ಕೇಳಿದೆ. “ಹೊತ್ತಾಗ್ತೈತಿ,” ಎಂದರು. ಗೇಟಿನ ಹೊರಗೆ ಒಂದು ಕ್ಷಣ ನಿಂತರು. ಹೊಳೆಗೆ ಕಾಲಿಡುವವರ ಹಾಗೆ ಮುಂದೆ ಹೆಜ್ಜೆ ಇಟ್ಟರು. ನನ್ನ ರಟ್ಟೆ ಹಿಡಿದಿದ್ದ ಅವರ ಬೆರಳಿನ ಗುರುತು ಮರುದಿನವೂ ಹಸಿರಾಗಿತ್ತು.

ಬಸ್ಸಿನಲ್ಲಿ ಅವರು ಸೆರಗನ್ನು ಮೂಗಿನವರೆಗೆ ಎಳೆದು ಕಣ್ಣು ಮುಚ್ಚಿ ಕೂತರು. ಪಕ್ಕದ ಹೆಂಗಸು ಕೇಳಿದಳು, “ಎಲ್ಲೆ ಹೊಂಟೀರಿ ಅಮ್ಮಾರ?”

“ತಂಗಿ ಕಡೆ.”

“ಊಟಾ ತಗೊಂಡ ಹೊಂಟೀರೇನು? ಛಲೋ ಆತು,” ಎಂದು ಆಕೆ ತನ್ನ ಮೊಬೈಲಿಗೆ ಮರಳಿದಳು. ಬಹಳ ಹೊತ್ತಿನ ಮೇಲೆ ಅಕ್ಕಾಸಾಹೇಬರು ಕಣ್ಣು ತೆರೆದರು. ಮುಂದೆ ನೋಡಿದರು, ಹಿಂದೆ ತಿರುಗಿ ನೋಡಿದರು. ಒಬ್ಬ ನಿದ್ದೆಯಲ್ಲಿದ್ದ. ಒಬ್ಬಳು ಕೂಸಿಗೆ ಬಿಸ್ಕೀಟು ತಿನ್ನಿಸುತ್ತಿದ್ದಳು. ಉಳಿದವರೆಲ್ಲರ ತಲೆ ಮೊಬೈಲಿನೊಳಗಿತ್ತು.

“ಯಾರೂ ನೋಡವಲ್ರಲ್ಲ,” ಎಂದರು.

“ಇಲ್ರಿ.”

“ಮೊದಲೂ ಯಾರೂ ನೋಡತಿರ್ಲಿಲ್ಲೇನು?”

ಇದಕ್ಕೆ ಏನಾದರೂ ಕಟ್ಟಿ ಹೇಳಬಹುದಿತ್ತು. ಹೇಳಲಿಲ್ಲ. ಅವರು ಸೆರಗನ್ನು ಭುಜಕ್ಕೆ ಇಳಿಸಿ ಹುಬ್ಬಳ್ಳಿಯವರೆಗೆ ಕಿಟಕಿಯ ಹೊರಗೆ ನೋಡಿದರು.

ವಾರ್ಡಿನಲ್ಲಿ ತಂಗಿಸಾಹೇಬರು ಅಕ್ಕನ ಬರಿಯ ಮುಖ ಕಂಡು ಗಾಬರಿಯಾದರು. ತಮ್ಮ ಚಾದರವನ್ನೇ ಎತ್ತಿ ಅಕ್ಕನಿಗೆ ಮರೆ ಮಾಡಲು ನೋಡಿದರು. ಕೈ ಮೇಲೇಳಲಿಲ್ಲ.

“ಹಂಗ ಬಂದ್ರಿ, ಪರದೆ ಇಲ್ಲದ?”

“ಯಾರೂ ನೋಡಲಿಲ್ಲ ತಂಗೆವ್ವಾ. ಸುಮ್ಮನ ಮಕ್ಕೋ.”

ಮಂಚದ ಅಂಚಿಗೆ ಕೂತು, ಎಲ್ಲರ ಎದುರೇ ಡಬ್ಬಿ ಬಿಚ್ಚಿದರು. ಆ ರೊಟ್ಟಿಯ ನಡುವಿನ ಚೂರು ಮುರಿದರು. ತಂಗಿಯ ಕಡೆ ಚಾಚುತ್ತಾರೆ ಎಂದುಕೊಂಡೆ. ಅಲ್ಲ. ತಾವೇ ಬಾಯಿಗೆ ಹಾಕಿಕೊಂಡು ನಿಧಾನ ಅಗಿದರು. ತಂಗಿಸಾಹೇಬರು ಅವರ ದವಡೆಯನ್ನೇ ನೋಡುತ್ತಿದ್ದರು.

“ಹೆಂಗೈತ್ರಿ?” ಎಂದರು.

“ಆರಿ ತಣ್ಣಗಾಗೈತಿ. ಆದ್ರ ಛಲೋ ಐತಿ. ಇಷ್ಟ ವರ್ಷ ನಡುವಿಂದು ನೀನ ತಿಂದಿ. ದಂಡಿಗಿಂತ ರುಚಿ ಬ್ಯಾರೇನ ಐತಿ ನೋಡು.”

“ಗೊತ್ತಿತ್ರಿ,” ಎಂದರು ತಂಗಿಸಾಹೇಬರು. “ಮೊದಲಿಂದ ಗೊತ್ತಿತ್ತು.”

ಏನು ಗೊತ್ತಿತ್ತು ಎಂದು ಅಕ್ಕಾಸಾಹೇಬರು ಕೇಳಲಿಲ್ಲ. ಇನ್ನೊಂದು ಚೂರು ಮುರಿದು ತಂಗಿಯ ಕೆಳತುಟಿಗೆ ಮುಟ್ಟಿಸಿ ಹಾಗೇ ಹಿಡಿದುಕೊಂಡರು. ನರ್ಸು ಏನೋ ಹೇಳಲು ಬಂದರು, ನೋಡಿದರು, ಆಚೆ ಮಂಚಕ್ಕೆ ಹೋದರು.

ಆಮೇಲೆ ಅಕ್ಕಾಸಾಹೇಬರು ಮನೆಗೆ ಬರಲಿಲ್ಲ. ಗಂಡಸರು, ಹೆಂಗಸರು, ಕಸ ಗುಡಿಸುವವರು ಎಲ್ಲರ ನಡುವೆ ತಂಗಿಯ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಮುಂದಿನ ಸೋಮವಾರ ನಸುಕಿಗೆ ತಂಗಿಸಾಹೇಬರು ತೀರಿಕೊಂಡರು. ಧಾರವಾಡಕ್ಕೆ ಕರೆತರುವಾಗ ಆಟೋ ಕಾಕಾ ಪರದೆ ತಂದಿದ್ದರು. ಅಕ್ಕಾಸಾಹೇಬರು ಬೇಡವೆಂದರು. “ದಾರಿ ಕಾಣಲಿ ಆಕೀಗೆ,” ಎಂದರು.

ಮಣ್ಣಾದ ಮೇಲೆ, ಬಂಧುಗಳು ಹೋದ ಮೇಲೆ, ಒಂದು ಸಂಜೆ ಅವ್ವ ರೊಟ್ಟಿ ಮಾಡಿಕೊಟ್ಟಳು. ನಾನು ಒಯ್ದು ಅಕ್ಕಾಸಾಹೇಬರ ಮುಂದಿಟ್ಟು, ರೂಢಿಯ ಹಾಗೆ ಗೋಡೆಯ ಕಡೆ ತಿರುಗಿದೆ. ಉಣ್ಣುವ ಸದ್ದು ಬರಲಿಲ್ಲ.

“ಹುಡುಗಿ.”

ತಿರುಗಿದೆ. ಅವರು ಕೈ ಮಡಿಲಲ್ಲಿಟ್ಟುಕೊಂಡು ಗಂಗಾಳ ನೋಡುತ್ತಿದ್ದರು.

“ಇದನ್ನ ಹೆಂಗ ಉಣ್ಣೂದವಾ? ಇಡೀ ಐತಿ.”

ನಾನು ಹತ್ತಿರ ಹೋಗಿ ಕೂತೆ. ರೊಟ್ಟಿಯ ನಡು ಇನ್ನೂ ಉಬ್ಬಿತ್ತು. ಮುರಿದಾಗ ಉಗಿ ಬೆರಳಿಗೆ ಬಡಿಯಿತು. ಬಾಯಿಗೆ ಹಾಕಿಕೊಂಡೆ, ನಾಲಗೆ ಸುಟ್ಟಿತು. ಕುತ್ತಿಗೆ ಹಿಡಿದುಕೊಳ್ಳಲಿಲ್ಲ, ಬೀಳಲಿಲ್ಲ.

“ಹೆಂಗೈತಿ?”

“ಛಲೋ ಐತ್ರಿ,” ಎಂದೆ.

ಅವರು ಗಂಗಾಳವನ್ನು ಹತ್ತಿರಕ್ಕೆ ಎಳೆದುಕೊಂಡು ದಂಡಿ ಮುರಿದರು.